ಹೊದಿಸೋ ಶಾಲು

ಗಾಳೆಮ್ಮನಿಗೆ ಹೊದಿಸಿದ ಶಾಲನ್ನು ಫೋಟೊ ತೆಗೆದ ಮೇಲೆ ವಾಪಸು ತೆಗೆದುಕೊಂಡರು. ಮೂರು ವರ್ಷದ ನಂತರ ಆಕೆಯ ಕೈಗಿತ್ತ ಮನೆಯ ಪತ್ರವನ್ನೂ ಫೋಟೊ ತೆಗೆದ ಮೇಲೆ ವಾಪಸು ತೆಗೆದುಕೊಂಡರು.

ಆ ಶಾಲು ನಾನು. ಆ ಪತ್ರ ಎಷ್ಟೋ ಕಾಲ ಬೀರುವಿನಲ್ಲಿ ನನ್ನ ಕೆಳಗಿನ ಅರೆಯಲ್ಲೇ ಮಲಗಿತ್ತು. ಹಾಗಾಗಿ ಈ ಕಥೆ ಹೇಳಲು ನನಗಿಂತ ಹತ್ತಿರದವರು ಇನ್ನೊಬ್ಬರಿಲ್ಲ.

ನಾನು ಹುಟ್ಟಿದ್ದು ಇಲ್ಲಿಂದ ಎರಡು ಹಗಲು ರೈಲಿನ ದೂರದ ಒಂದು ಮಿಲ್ಲಿನಲ್ಲಿ. ನನ್ನ ಮೈಯಲ್ಲಿ ಕುರಿಯ ಉಣ್ಣೆ ಇರುವುದು ಅರ್ಧ, ಉಳಿದದ್ದು ಮಷೀನು ಎಳೆದ ಸುಳ್ಳು ನೂಲು. ನನ್ನ ಅಂಚನ್ನು ನೋಡಿದವರು ಜರಿ ಅನ್ನುತ್ತಾರೆ. ಅದು ಜರಿಯಲ್ಲ, ಹೊಳೆಯುವ ಪ್ಲಾಸ್ಟಿಕ್ಕು. ಬಣ್ಣ ಮಾತ್ರ ಚೆನ್ನಾಗಿತ್ತು, ಈಗಷ್ಟೇ ಕಲಸಿದ ಕುಂಕುಮದ ಹಾಗೆ. ಮಗ್ಗದಿಂದ ಇಳಿದ ನನ್ನನ್ನು ಒಬ್ಬ ಹೆಂಗಸು ತೊಡೆಯ ಮೇಲೆ ಹಾಕಿಕೊಂಡು, ಬೆರಳು ಒದ್ದೆ ಮಾಡಿಕೊಂಡು, ತುದಿಯ ಎಳೆಗಳನ್ನು ಹೊಸೆದು ಕುಚ್ಚು ಕಟ್ಟಿದಳು. ದಿನಕ್ಕೆ ಇನ್ನೂರು ಶಾಲಿಗೆ ಕುಚ್ಚು ಕಟ್ಟುವ ಆಕೆ ಹೊದ್ದಿದ್ದು ಹರಿದ ಬೆಡ್‌ಶೀಟು. ಎಣಿಸುವಾಗ ಹತ್ತು ಹತ್ತು ಶಾಲುಗಳನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ನಾನು ಕೂತ ಮೊದಲ ಹೆಗಲು ಅದು. ಆ ಹೆಗಲಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಗಂಟಿನಲ್ಲಿ ಬಂದು ಇಳಿದದ್ದು ಹಿರೇಬಾಗಿಲು ಎಂಬ ಊರಿನ ಜವಳಿ ಅಂಗಡಿಯಲ್ಲಿ. ಅಂಗಡಿಯ ಯಜಮಾನ ಕೊಟ್ರೇಶಪ್ಪ. ಬಟ್ಟೆ ಮಡಚುವುದರಲ್ಲಿ ಆತನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಒಂದು ತುದಿಯನ್ನು ಗದ್ದದ ಕೆಳಗೆ ಒತ್ತಿ ಹಿಡಿದು, ಎರಡೂ ಕೈ ಅಗಲಿಸಿ, ಕಣ್ಣು ಎಲ್ಲೋ ನೆಟ್ಟು, ಗಿರಾಕಿಯ ಹತ್ತಿರ ಮಾತಾಡುತ್ತಲೇ ಮೂರು ಮಡಿಕೆ ಮುಗಿಸಿಬಿಡುವನು. ಮಡಚಿಸಿಕೊಳ್ಳುವ ನಮಗೂ ಗೊತ್ತಾಗುತ್ತಿರಲಿಲ್ಲ.

ಕೊಟ್ರೇಶಪ್ಪ ಸಹೃದಯ ಸೇವಾ ಕ್ಲಬ್ಬಿನ ಕಾರ್ಯದರ್ಶಿಯೂ ಆಗಿದ್ದ. ಆ ಕ್ಲಬ್ಬಿನಲ್ಲಿ ಪ್ರತಿ ಜುಲೈಗೆ ಅಧ್ಯಕ್ಷರು ಬದಲಾಗುತ್ತಾರೆ. ಕೊಟ್ರೇಶಪ್ಪ ಬದಲಾಗುವುದಿಲ್ಲ. ಒಂದು ಜುಲೈನಲ್ಲಿ ಹೊಸ ಅಧ್ಯಕ್ಷರಿಗೆ ಕ್ಲಬ್ಬಿನ ಭವನ ತೋರಿಸುತ್ತಾ, ಮಹಡಿ ಮೇಲಿನ ಮೀಟಿಂಗ್ ಹಾಲ್‌ನಲ್ಲಿದ್ದ ಉಕ್ಕಿನ ಬೀರು ತೆಗೆದು, ನನ್ನನ್ನು ಒಳಗಿಟ್ಟ.

"ಈ ಮೇಲಿನ ಅರೇದಾಗಿರೋವು ಕೊಡೋ ಶಾಲು. ಡಾಕ್ಟ್ರು, ಇಂಜಿನಿಯರ್ರು, ಸಾಹೇಬ್ರುಗಳು ಬಂದಾಗ. ಇದೊಂದು ಹೊದಿಸೋ ಶಾಲು."

ಅಧ್ಯಕ್ಷರಿಗೆ ಅರ್ಥವಾಗಲಿಲ್ಲ. "ಹೊದಿಸಿದ್ದನ್ನೇ ಅಲ್ವೇನ್ರಿ ಕೊಡೋದು?"

"ಸಹೃದಯಿಗಳು ಇನ್ನೂ ಹೊಸಬ್ರು," ಎಂದು ಕೊಟ್ರೇಶಪ್ಪ ನಕ್ಕ. ಆ ಕ್ಲಬ್ಬಿನಲ್ಲಿ ಒಬ್ಬರನ್ನೊಬ್ಬರು ಹಾಗೆಯೇ ಕರೆಯಬೇಕು, ಸಹೃದಯಿ ಅಂತ. "ವಾರ ವಾರ ಮೀಟಿಂಗು. ಲೈನ್‌ಮನ್ನು, ಪೋಸ್ಟ್‌ಮನ್ನು, ಅಂಗನವಾಡಿಯೋರು, ಎಲ್ಲರ್ದೂ ಒಂದೊಂದು ದಿನಾಚರಣೆ ಬರ್ತದೆ. ಎಲ್ಲರಿಗೂ ಕೊಡ್ತಾ ಕುಂತ್ರೆ ನನ್ನ ಅಂಗಡೀನೇ ಇಲ್ಲಿಗೆ ತರಬೇಕಾಗ್ತದೆ. ಅವ್ರಿಗೆ ಬೇಕಾಗಿರೋದು ಫೋಟೊ. ಫೋಟೊ ಕೊಡಾಣ."

ಅಧ್ಯಕ್ಷರೂ ನಕ್ಕರು. ಕೊಟ್ರೇಶಪ್ಪ ಮಾರ್ಕಿಂಗ್ ಇಂಕಿನಲ್ಲಿ ನನ್ನ ಮೂಲೆಗೆ ಒಂದೇ ಅಕ್ಷರ ಬರೆದ: ಹೊ.

ಅವತ್ತಿನಿಂದ ಭಾನುವಾರ ಬೆಳಗ್ಗೆ ಹತ್ತು ಗಂಟೆ ನನ್ನ ಬದುಕಾಯಿತು. ಅಧ್ಯಕ್ಷರು ಗಂಟೆ ಬಾರಿಸುವರು. ಪ್ರಾರ್ಥನೆ. 'ಸೇವೆಯೇ ಸಂತೋಷ' ಎಂದು ಎಲ್ಲರೂ ಎದ್ದು ನಿಂತು ಹೇಳುವುದು. ಆ ವಾರ ಹುಟ್ಟುಹಬ್ಬ ಇದ್ದವರಿಗೆ ಒಂದೊಂದು ಗುಲಾಬಿ. ಅತಿಥಿಗಳ ಪರಿಚಯ, ಅದು ಯಾವಾಗಲೂ ಭಾಷಣಕ್ಕಿಂತ ಉದ್ದ. ಆಮೇಲೆ ಇಪ್ಪತ್ತು ನಿಮಿಷದ ಅತಿಥಿ ಉಪನ್ಯಾಸ. ಹೃದಯವನ್ನು ಕಾಪಾಡಿಕೊಳ್ಳುವುದು ಹೇಗೆ, ಕೋಪವನ್ನು ಗೆಲ್ಲುವುದು ಹೇಗೆ, ಮಳೆ ನೀರು ಹಿಡಿಯುವುದು ಹೇಗೆ. ಹಿಂದಿನ ಸಾಲಿನಲ್ಲಿ ಒಬ್ಬಿಬ್ಬರು ತೂಕಡಿಸುವರು. ವಂದನಾರ್ಪಣೆ ಶುರುವಾದರೆ ಎಚ್ಚರ, ಯಾಕೆಂದರೆ ಅದರ ಹಿಂದೆಯೇ ಉಪ್ಪಿಟ್ಟು, ಕೇಸರಿಬಾತು.

ಅತಿಥಿಗಳಿಗೆ ಮೇಲಿನ ಅರೆಯ ಶಾಲು. ಅವರ ಜೊತೆಗೆ 'ಸಾಧಕರ ಸನ್ಮಾನ' ಎಂದು ಇನ್ನೊಬ್ಬರನ್ನು ಕರೆಸಿರುತ್ತಿದ್ದರು. ಅವರಿಗೆ ನಾನು.

ಹೆಗಲಿನ ಮೇಲೆ ಕೂತವರಿಗೆ ಮನುಷ್ಯ ಬೇರೆ ಥರ ಕಾಣುತ್ತಾನೆ. ಲೈನ್‌ಮನ್ ಒಬ್ಬನ ಹೆಗಲಲ್ಲಿ ಏಣಿ ಹೊತ್ತು ಕಟ್ಟಿದ ಗಂಟು ಇತ್ತು. ಅಂಗನವಾಡಿಯ ಮೇಡಮ್ಮು ನಾನು ಬಿದ್ದ ಕೂಡಲೇ ಸಣ್ಣಗೆ ನಡುಗಿದರು, ಮುಂದೆ ಕೂತ ಯಾರಿಗೂ ಅದು ಕಾಣಲಿಲ್ಲ. ನಿವೃತ್ತ ಪೋಸ್ಟ್‌ಮನ್ ಒಬ್ಬ ನನ್ನ ಅಂಚಿನಲ್ಲಿ ಕಣ್ಣೊರೆಸಿಕೊಂಡ. ಎಲ್ಲರ ಕಡೆಗೂ ಕೊಟ್ರೇಶಪ್ಪ ಒಂದೇ ನಗುಮುಖದಲ್ಲಿ ಬರುತ್ತಿದ್ದ. "ಸೆಕೆ ಅಲ್ವೇನ್ರಿ? ಕೊಡ್ರಿ, ಮಡಚಿ ಕೊಡ್ತೀನಿ." ಎಷ್ಟು ಮರ್ಯಾದೆಯ ಮಾತು! ನಾನು ಹೆಗಲಿನಿಂದ ಇಳಿಯುತ್ತಿದ್ದೆ, ಗದ್ದದ ಕೆಳಗೆ ಹೋಗುತ್ತಿದ್ದೆ, ಮೂರು ಮಡಿಕೆಯಾಗಿ ಬೀರುವಿನೊಳಗೆ ಸೇರುತ್ತಿದ್ದೆ. ಸನ್ಮಾನಿತರು ಉಪ್ಪಿಟ್ಟಿನ ತಟ್ಟೆ ಹಿಡಿದು ಸ್ವಲ್ಪ ಹೊತ್ತು ಅತ್ತಿತ್ತ ನೋಡುವರು. ಒಬ್ಬರೂ ಕೇಳಲಿಲ್ಲ. ಹೊದಿಸಿದ್ದನ್ನು ಬಾಯಿಬಿಟ್ಟು ಕೇಳುವುದಕ್ಕೆ ನಾಚಿಕೆಪಡುವ ಜನವನ್ನೇ ಆರಿಸಿ ಕರೆಸುತ್ತಿದ್ದರು.

ಪೌರಕಾರ್ಮಿಕರ ದಿನದ ಭಾನುವಾರ ಗಾಳೆಮ್ಮ ಬಂದಳು.

ಪೇಟೆಬೀದಿಯ ಚರಂಡಿಯ ಹೂಳನ್ನು ಇಪ್ಪತ್ತೆರಡು ವರ್ಷದಿಂದ ಎತ್ತುತ್ತಿದ್ದವಳು. ಆ ಬೀದಿಯಲ್ಲೇ ಕೊಟ್ರೇಶಪ್ಪನ ಅಂಗಡಿ. ಆಕೆಯ ಗುಡಿಸಲು ಇದ್ದದ್ದು ಕ್ಲಬ್ಬಿನ ಭವನದ ಹಿಂದೆಯೇ, ಅಂಥ ಹನ್ನೆರಡು ಗುಡಿಸಲುಗಳ ಸಾಲಿನಲ್ಲಿ. ಭವನ ಕಟ್ಟುವ ಮೊದಲಿನಿಂದಲೂ ಅವು ಅಲ್ಲಿದ್ದವು. ಜೊತೆಗೆ ನಾದಿನಿ ಹುಚ್ಚಂಗೆಮ್ಮ ಬಂದಿದ್ದಳು, ಬಾಯಿ ಜೋರು. ಅವತ್ತಿನ ಅತಿಥಿ ಒಬ್ಬರು ಡಾಕ್ಟರು. ಪೌರಕಾರ್ಮಿಕರು ಕೈಗೆ ಗ್ಲೌಸು, ಕಾಲಿಗೆ ಬೂಟು ಹಾಕಿಕೊಳ್ಳದೆ ಕೆಲಸಕ್ಕೆ ಹೋಗುವುದು ಅವರ ಅಜ್ಞಾನ ಎಂದು ಇಪ್ಪತ್ತು ನಿಮಿಷ ಹೇಳಿದರು.

"ಕೊಟ್ರೆ ಹಾಕ್ಕಂತೀವಿ ಅನ್ನು," ಎಂದು ಬಾಗಿಲ ಹತ್ತಿರ ಜೊತೆಗೆ ನಿಂತಿದ್ದ ಹುಚ್ಚಂಗೆಮ್ಮ ಪಿಸುಗುಟ್ಟಿದಳು.

"ಸುಮ್ನಿರೇ, ಕರೆದು ಮರ್ಯಾದೆ ಮಾಡಾಕತ್ಯಾರೆ," ಅಂದಳು ಗಾಳೆಮ್ಮ.

ಡಾಕ್ಟರಿಗೆ ಶಾಲು ಹೊದಿಸಿದ ಅಧ್ಯಕ್ಷರು ಅವರ ಎರಡೂ ಹೆಗಲನ್ನು ತಟ್ಟಿ ಕೂರಿಸಿದರು. ಗಾಳೆಮ್ಮನ ಸರದಿ ಬಂದಾಗ ನನ್ನ ಎರಡು ಮೂಲೆಗಳನ್ನು ಎರಡೆರಡು ಬೆರಳಿನಲ್ಲಿ ಹಿಡಿದರು. ಮೇಲಿನಿಂದ ಬಿಟ್ಟರು. ಕೆರೆಗೆ ಬಲೆ ಬೀಸಿದ ಹಾಗೆ ನಾನು ಬಂದು ಬಿದ್ದೆ. ಮೈಕಿನಲ್ಲಿ ಕೊಟ್ರೇಶಪ್ಪ, "ಶ್ರೀಮತಿ ಗಾಳೆಮ್ಮನವರು ನಮ್ಮ ನಗರದ ತಾಯಿ," ಎಂದು ಓದುತ್ತಿದ್ದ. ಮೈಕಿನಲ್ಲಿ ಮಾತ್ರ ಆಕೆಗೆ 'ನವರು' ಇತ್ತು.

ಆ ಹೆಗಲನ್ನು ನಾನು ಮರೆತಿಲ್ಲ. ಬೆಳಗ್ಗೆ ಸೋಪು ಹಚ್ಚಿ ಎರಡು ಸಲ ತಿಕ್ಕಿದ ವಾಸನೆ, ಕೊಬ್ಬರಿ ಎಣ್ಣೆ, ಬುಟ್ಟಿಯ ಅಂಚು ಒತ್ತಿದ ಗುರುತು. ಆಕೆ ನನ್ನ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ನೇವರಿಸಿ ನೋಡಿದಳು. ಪಕ್ಕಕ್ಕೆ ಬಂದ ನಾದಿನಿಗೆ, "ಬೆಚ್ಚಗೈತೆ. ಅವ್ವಗೆ ಚಳಿಗಾಲಕ್ಕೆ ಆತು ನೋಡು," ಅಂದಳು.

ಫೋಟೊ ಆಯಿತು. ಕೊಟ್ರೇಶಪ್ಪ ಬಂದ. "ಕೊಡು ಗಾಳೆಮ್ಮ, ಮಡಚಿ ಕೊಡ್ತೀನಿ."

ಆಕೆ ಕೊಟ್ಟಳು. ಕೊಟ್ಟವಳು ಹೋಗಲಿಲ್ಲ. ಮೆಟ್ಟಿಲ ಹತ್ತಿರ ನಿಂತಳು. ಉಪ್ಪಿಟ್ಟು ಮುಗಿಯಿತು, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದರು, ತಟ್ಟೆಗಳನ್ನು ತೊಳೆದು ಬೋರಲು ಹಾಕಿದರು. ಬೀರುವಿನ ಬಾಗಿಲು ಅರ್ಧ ತೆರೆದಿತ್ತು, ನಾನು ನೋಡುತ್ತಲೇ ಇದ್ದೆ.

"ಬಾ ಅಕ್ಕ, ಬಿಸಿಲೇರ್ತದೆ," ಅಂದಳು ಹುಚ್ಚಂಗೆಮ್ಮ.

"ತಡಿ, ಮಡಚಿ ಕೊಡ್ತಾರಂತೆ."

ಕೊಟ್ರೇಶಪ್ಪ ಹಾಲಿಗೆ ಬೀಗ ಹಾಕಿಕೊಂಡು ಹೊರಗೆ ಬಂದಾಗ ಆಕೆ ಬಾಯಿಬಿಟ್ಟು ಕೇಳಿಯೇಬಿಟ್ಟಳು. "ಸಾವ್ಕಾರ್ರೇ, ಶಾಲು?"

"ಏ ಹುಚ್ಚಿ, ಅದು ಹೊದಿಸೋ ಶಾಲು," ಅಂದ ಆತ, ಸಣ್ಣ ಮಕ್ಕಳಿಗೆ ತಿಳಿಹೇಳುವ ದನಿಯಲ್ಲಿ. "ಫೋಟೊ ಬರ್ತದೆ ಬಿಡು, ಪೇಪರ್ನಾಗೆ."

ಮೆಟ್ಟಿಲಿಳಿಯುವಾಗ ಹುಚ್ಚಂಗೆಮ್ಮನ ಮಾತು ಕೇಳಿಸಿತು. "ಯಾರು ಇಟ್ರೋ ಇವ್ನಿಗೆ ಕೊಟ್ರೇಶಪ್ಪ ಅಂತ? ಇಸ್ಕೊಂಡ್ರೇಶಪ್ಪ ಅಂತ ಇಡಬೇಕಿತ್ತು."

ಗಾಳೆಮ್ಮ ನಗಲಿಲ್ಲ.

ಎಷ್ಟೋ ಹೆಗಲುಗಳ ಬೆವರು ಕುಡಿದಿದ್ದ ನನ್ನನ್ನು ಅದುವರೆಗೆ ಯಾರೂ ಒಗೆದಿರಲಿಲ್ಲ. ಮರುದಿನ ಮೊದಲ ಸಲ ಒಗೆಯಲು ಹಾಕಿದರು.

ಒಮ್ಮೆ ಮಾತ್ರ ಕೊಟ್ರೇಶಪ್ಪನ ಕೈ ತಪ್ಪಿತು. ಹೊಸದಾಗಿ ವರ್ಗವಾಗಿ ಬಂದ ಪೊಲೀಸ್ ಸಾಹೇಬರೊಬ್ಬರು ಅತಿಥಿಯಾಗಿದ್ದರು. ಅವಸರದಲ್ಲಿ ಮೇಲಿನ ಅರೆಯದರ ಬದಲು ನನ್ನನ್ನೇ ತೆಗೆದು ಹೊದಿಸಿಬಿಟ್ಟರು. ಸಾಹೇಬರಿಗೆ ಹೊದಿಸಿದ್ದನ್ನು ಮಡಚಿ ಕೊಡ್ತೀನಿ ಎಂದು ಕೇಳುವ ಧೈರ್ಯ ಯಾರಿಗಿದೆ? ನಾನು ಜೀಪು ಹತ್ತಿದೆ. ಆರು ದಿನ ಸಾಹೇಬರ ಮನೆಯ ಸೋಫಾದ ಬೆನ್ನಿನ ಮೇಲೆ ಕೂತೆ. ಏಳನೇ ದಿನ ಅವರ ಹೆಂಡತಿ ನನ್ನ ಮೂಲೆ ಬಿಡಿಸಿ ನೋಡಿದರು.

"ಏನ್ರೀ ಇದು, ಹೊ ಅಂತ ಬರೆದೈತಲ್ಲ?"

ಸಾಹೇಬರು ಫೋನು ಮಾಡಿ ಕೇಳಿದರು. "ಹೊಸದು ಅಂತ ಸಾರ್! ಹೊ ಅಂದ್ರೆ ಹೊಸದು!" ಎಂದು ಕೊಟ್ರೇಶಪ್ಪ ಅಂಗಡಿಯಲ್ಲಿ ನಿಂತು ಬೆವರಿದನಂತೆ. ಅರ್ಧ ಗಂಟೆಯಲ್ಲಿ ಇನ್ನೊಂದು ಶಾಲು, ಒಂದು ಬುಟ್ಟಿ ಹಣ್ಣು ಹಿಡಿದುಕೊಂಡು ಬಂದು, "ಅದ್ರಾಗೆ ಒಂದು ಎಳೆ ಬಿಟ್ಟಿತ್ತು ಸಾರ್," ಎಂದು ನನ್ನನ್ನು ಬಿಡಿಸಿಕೊಂಡು ಹೋದ. ಸಾಹೇಬರ ಹೆಗಲಿನಿಂದ ಬಂದ ನನ್ನನ್ನು ಒಗೆಯಲಿಲ್ಲ.

ಕ್ಲಬ್ಬಿಗೆ ಇಪ್ಪತ್ತೈದು ತುಂಬಿದ ವರ್ಷ ದೊಡ್ಡ ಸೇವಾ ಯೋಜನೆ ಬಂತು. ಭವನದ ಹಿಂದಿನ ಹನ್ನೆರಡು ಗುಡಿಸಲು ಕಿತ್ತು, ಅದೇ ಜಾಗದಲ್ಲಿ ಹನ್ನೆರಡು ಮನೆ ಕಟ್ಟಿಸಿದರು. ಒಂದು ರೂಮು, ಒಂದು ಅಡಿಗೆ ಮೂಲೆ, ಮೇಲೆ ಆರ್‌ಸಿಸಿ. ಪ್ರತಿ ಬಾಗಿಲಿನ ಮೇಲೂ ಒಬ್ಬೊಬ್ಬ ದಾನಿಯ ಹೆಸರು. ಒಳಗಿರುವವರ ಹೆಸರು ಎಲ್ಲೂ ಇಲ್ಲ. ಭಾನುವಾರದ ಸಭೆಯಲ್ಲಿ ದಾನಪತ್ರ ಹಂಚಿದರು. ಮೊದಲ ಪತ್ರ ಗಾಳೆಮ್ಮನಿಗೆ. ಅದರ ಮೂಲೆಯಲ್ಲಿ ಆಕೆಯದೇ ಸಣ್ಣ ಫೋಟೊ ಅಂಟಿಸಿತ್ತು, ಕೆಳಗೆ ಆಕೆಯ ಹೆಬ್ಬೆಟ್ಟು. ಆಕೆ ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡಳು. ಫೋಟೊಗ್ರಾಫರ್, "ಅಮ್ಮ, ಇನ್ನೊಂಚೂರು ಕೆಳಗೆ ಹಿಡೀರಿ, ಮುಖ ಮುಚ್ಚಿ ಹೋಗ್ತೈತೆ," ಅಂದ.

ಫೋಟೊ ಆದ ಮೇಲೆ ಕೊಟ್ರೇಶಪ್ಪ ಸಾಲಾಗಿ ಬಂದ. "ಕೊಡ್ರಮ್ಮ, ಕೊಡ್ರಿ. ಹಂಗೇ ಇಟ್ರೆ ಇಲಿ ತಿಂತವೆ, ಮಳೆಗೆ ನೆನೀತವೆ. ಲ್ಯಾಮಿನೇಷನ್ ಮಾಡಿಸಿ ಕೊಡ್ತೀನಿ."

ಹನ್ನೊಂದು ಮನೆಯವರು ಕೊಟ್ಟರು. ಗಾಳೆಮ್ಮ ಕೊಡಲಿಲ್ಲ.

"ಹಿಂಗೇ ಇರಲಿ ಬಿಡ್ರಿ. ಟ್ರಂಕ್ನಾಗೆ ಇಡ್ತೀನಿ."

"ನಿನ್ನದೊಂದು ಬ್ಯಾರೆ ಇಡಾಕಾಗ್ತದೇನು? ಹನ್ನೆರಡಕ್ಕೂ ಒಂದೇ ನಂಬರು, ಒಂದೇ ಫೈಲು." ಸುತ್ತ ನಿಂತ ಸಹೃದಯಿಗಳು ನೋಡುತ್ತಿದ್ದರು. "ಮನೇನೇ ಕೊಟ್ಟೀವಿ, ಒಂದು ಹಾಳೆ ನುಂಗಿ ಹಾಕ್ತೀವೇನಮ್ಮ?" ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು. ಆ ನಗುವಿನ ನಡುವೆ ಆಕೆಯ ಕೈ ಸಡಿಲವಾಯಿತು.

ಹನ್ನೆರಡು ಪತ್ರಗಳೂ ನನ್ನ ಕೆಳಗಿನ ಅರೆಗೆ ಬಂದವು.

ಮುಂದಿನ ಭಾನುವಾರ ಗಾಳೆಮ್ಮ ಮೆಟ್ಟಿಲ ಹತ್ತಿರ ಇದ್ದಳು. ಅದರ ಮುಂದಿನ ಭಾನುವಾರವೂ. "ಮಷೀನು ಕೆಟ್ಟೈತೆ," ಅಂದ ಕೊಟ್ರೇಶಪ್ಪ. ಆಮೇಲೆ, "ಮಷೀನಿನವನು ಊರಾಗಿಲ್ಲ." ಆಮೇಲೆ, "ಪ್ಲಾಸ್ಟಿಕ್ ಹಾಳೆ ಬಂದಿಲ್ಲ." ಮತ್ತೆ, "ಮಷೀನು ಕೆಟ್ಟೈತೆ." ಊರಿನಲ್ಲಿ ಮದುವೆ ಪತ್ರಿಕೆ, ಮಾರ್ಕ್ಸ್ ಕಾರ್ಡು, ದೇವರ ಫೋಟೊ ಎಲ್ಲವೂ ಲ್ಯಾಮಿನೇಷನ್ ಆಗುತ್ತಿದ್ದವು. ಹನ್ನೆರಡು ಹಾಳೆಗೆ ಮಾತ್ರ ಮಷೀನು ನಾಲ್ಕು ವರ್ಷ ಕೆಟ್ಟಿತ್ತು. ಆಕೆ ಜಗಳ ಆಡಲಿಲ್ಲ. ಸಭೆ ಬಿಡುವ ಹೊತ್ತಿಗೆ ಬಂದು, ಎಲ್ಲ ಸಹೃದಯಿಗಳೂ ಕಾರು ಹತ್ತುವಾಗ ಕೇಳಿಸುವಷ್ಟು ಗಟ್ಟಿಯಾಗಿ, "ಸಾವ್ಕಾರ್ರೇ, ಪತ್ರ?" ಅನ್ನುವಳು. ಉತ್ತರ ಕೇಳಿಕೊಂಡು ಹೋಗುವಳು. ಅತಿಥಿಗಳು ಯಾರಾದರೂ, "ಏನಂತೆ?" ಎಂದರೆ ಕೊಟ್ರೇಶಪ್ಪ, "ಹಳೇ ಪೇಪರ್ ಕೇಳ್ತಾಳೆ ಸಾರ್, ಮಾರಾಕೆ," ಅನ್ನುವನು.

ಪತ್ರಗಳನ್ನು ಯಾಕೆ ಹಿಡಿದಿಟ್ಟಿದ್ದರೆಂದು ನನಗೆ ತಿಳಿದದ್ದು ಒಂದು ಕಮಿಟಿ ಮೀಟಿಂಗಿನ ದಿನ. ಭವನಕ್ಕೆ ಮದುವೆ ಮಂಟಪ ಸೇರಿಸಬೇಕೆಂದು ಮಾತು ಬಂತು. ಮಂಟಪ ಆದರೆ ಕಾರು ನಿಲ್ಲಿಸಲು ಜಾಗ ಬೇಕು. ಮುಂದಿನ ನಾಲ್ಕು ಮನೆ ತೆಗೆದರೆ ಸಾಕು ಎಂದರು. ಮೊದಲನೆಯದು ಗಾಳೆಮ್ಮನದು.

"ದಾನ ಕೊಟ್ಟಿದ್ದನ್ನ ಹೆಂಗ್ರಿ ತೆಗೆಯೋದು?" ಎಂದು ಒಬ್ಬರು ಕೇಳಿದರು.

"ಕೊಟ್ಟೀವಿ ಅನ್ನಾಕೆ ಪತ್ರ ಎಲ್ಲಿ ಕೊಟ್ಟೀವಿ?" ಅಂದ ಕೊಟ್ರೇಶಪ್ಪ. ಅಂಗಡಿಯಲ್ಲಿ ಬಟ್ಟೆ ಮಡಚುವಾಗಿನ ದನಿಯೇ ಅದು. ಸಿಟ್ಟಿಲ್ಲ, ಕೇಡಿನ ಸದ್ದೂ ಇಲ್ಲ. ಕೇಳಿದವರು ತಲೆದೂಗಿದರು. ಚಹಾ ಬಂತು.

ಆ ಹೊತ್ತಿಗೆ ನಾನು ಮುದುಕನಾಗಿದ್ದೆ. ಪ್ಲಾಸ್ಟಿಕ್ ಜರಿ ಉದುರಿತ್ತು, ಕುಂಕುಮ ಬಣ್ಣ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಒಂದು ಭಾನುವಾರ ಫೋಟೊಗ್ರಾಫರನೇ ಹೇಳಿದ, "ಕೊಟ್ರೇಶಣ್ಣ, ಈ ಶಾಲು ಫೋಟೊದಾಗೂ ಹಳೇದು ಅಂತ ಗೊತ್ತಾಗ್ತೈತೆ." ಮೇಲಿನ ಅರೆಯಿಂದ ಒಂದನ್ನು ಇಳಿಸಿ ಅದರ ಮೂಲೆಗೆ ಅಕ್ಷರ ಬರೆದರು. ನನ್ನನ್ನು ನಾಲ್ಕು ಮಡಿಕೆ ಮಾಡಿ, ವೇದಿಕೆಯ ಪಕ್ಕದ ಮೇಜಿನ ಮೇಲೆ ಆಂಪ್ಲಿಫೈಯರ್ ಡಬ್ಬದ ಕೆಳಗೆ ಹಾಕಿದರು, ಅದು ಜರುಗಬಾರದೆಂದು.

ಬೇಸರವಾಗಲಿಲ್ಲ. ಇಷ್ಟು ಹೆಗಲು ಏರಿ ಇಳಿದ ನನಗೆ ಒಂದೇ ಕಡೆ ಕೂರುವುದು ಹಿತವೆನಿಸಿತು. ಡಬ್ಬ ಬೆಚ್ಚಗಿರುತ್ತದೆ. ಮೈಕಿನಲ್ಲಿ ಆಡುವ ಮಾತೆಲ್ಲ ಸಣ್ಣ ನಡುಕವಾಗಿ ನನ್ನ ಮೈ ಹಾಯುತ್ತದೆ. ಆ ನಡುಕ ಕೇಳಿ ಕೇಳಿ ನನಗೊಂದು ವಿಷಯ ತಿಳಿದಿದೆ. ಸೇವೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಬಹುದು, ಡಬ್ಬ ಬಿಸಿಯಾಗುತ್ತದೆ ಅಷ್ಟೆ. ಚಳಿಗಾಲದಲ್ಲಿ ಒಬ್ಬ ಮುದುಕಿಯ ಬೆನ್ನು ಬೆಚ್ಚಗಾಗಲು ಒಂದು ಶಾಲು ಆ ಮನೆಯೊಳಗೆ ಹೋಗಬೇಕು. ನಾನು ಹೋಗಲಿಲ್ಲ. ಗಾಳೆಮ್ಮನ ಅವ್ವ ಹೊಸ ಮನೆಗೆ ಬಂದ ಎರಡನೇ ಚಳಿಗಾಲ ತೀರಿಕೊಂಡಳೆಂದು ಆಮೇಲೆ ಕೇಳಿದೆ. ವಯಸ್ಸಾಗಿತ್ತು, ಶಾಲಿದ್ದರೂ ಹೋಗುತ್ತಿದ್ದಳೇನೋ.

ಈ ವರ್ಷ ವಲಯಾಧ್ಯಕ್ಷರ ಭೇಟಿ ಬಂತು. ಹದಿನೆಂಟು ಊರಿನ ಕ್ಲಬ್ಬುಗಳಿಗೆ ಅವರೇ ದೊಡ್ಡವರು. ವರ್ಷದ ಉತ್ತಮ ಸೇವೆಯ ಫಲಕ ಯಾವ ಕ್ಲಬ್ಬಿಗೆ ಎಂದು ಅವರು ತೀರ್ಮಾನಿಸಬೇಕು. ಆ ಭಾನುವಾರದ ಅತಿಥಿ ಉಪನ್ಯಾಸ ಯಾರಿಂದ ಎಂಬ ಪ್ರಶ್ನೆಗೆ ಕೊಟ್ರೇಶಪ್ಪನೇ ಉತ್ತರ ಹುಡುಕಿದ. ಮನೆ ಪಡೆದವರಿಂದಲೇ ಮಾಡಿಸಿದರೆ? ಅದರಲ್ಲೂ ವಾರ ವಾರ ಪತ್ರ ಕೇಳುವವಳಿಂದಲೇ ಹೊಗಳಿಸಿದರೆ ಮುಂದೆ ಅವಳೂ ಕೇಳುವ ಹಾಗಿಲ್ಲ. ಅಜೆಂಡಾದಲ್ಲಿ ಅಚ್ಚಾಯಿತು: 'ಅತಿಥಿ ಉಪನ್ಯಾಸ: ಶ್ರೀಮತಿ ಗಾಳೆಮ್ಮನವರು, ಫಲಾನುಭವಿ.'

ಶನಿವಾರ ಮಧ್ಯಾಹ್ನ ಆಕೆಯನ್ನು ಹಾಲಿಗೆ ಕರೆಸಿದ. ಬೀರು ತೆಗೆದು ಮೊದಲ ಪತ್ರ ಎತ್ತಿ ಹಿಡಿದ. ಲ್ಯಾಮಿನೇಷನ್ ಆಗಿರಲಿಲ್ಲ.

"ಇದೇ ಅಲ್ಲೇನು? ನೋಡ್ಕೊ. ನಾಳೆ ಮೀಟಿಂಗ್ ಮುಗಿದ ಮ್ಯಾಲೆ ತಗಂಡ್ಹೋಗು."

ಗಾಳೆಮ್ಮ ಕೈ ಚಾಚಿದಳು. ಆತ ಪತ್ರ ಹಿಂದಕ್ಕೆ ಎಳೆದುಕೊಂಡ.

"ಮೊದ್ಲು ಮೂರು ಮಾತು ಕಲಿ. ಮನೆ ಕೊಟ್ಟರು. ಪತ್ರ ಕೊಟ್ಟರು. ಗೌರವ ಕೊಟ್ಟರು. ಅಷ್ಟೇ. ಕೈ ಮುಗಿ, ಇಳಿ."

"ಇವತ್ತೇ ಕೊಟ್ಬಿಡ್ರಿ ಸಾವ್ಕಾರ್ರೇ. ನಾಳೆ ಮೂರ್ಯಾಕೆ, ಮೂವತ್ತು ಸರ್ತಿ ಅಂತೀನಿ."

"ಎಲಾ ಇವ್ಳ! ನನಗೇ ವ್ಯಾಪಾರ ಹೇಳಿಕೊಡ್ತಾಳೆ." ಆತನಿಗೆ ನಿಜವಾಗಿ ನಗು ಬಂತು. ನಕ್ಕು ಮುಗಿಸಿ, ಪತ್ರ ಒಳಗಿಟ್ಟು, ಬೀರುವಿನ ಹಿಡಿ ತಿರುಗಿಸಿದ. "ನೋಡು, ಪಾರ್ಕಿಂಗ್ ಮಾತು ನಿನ್ನ ಕಿವೀಗೂ ಬಿದ್ದಿರಬೇಕು. ನೀನು ಚೆಂದ ಮಾತಾಡಿದ್ರೆ ನಿನ್ನ ಮನಿ ತಂಟಿಗೆ ಹೋಗದಂಗೆ ನಾನು ನೋಡ್ಕಂತೀನಿ."

"ಉಳಿದ ಮೂರು ಮನಿ?"

"ನಿನ್ನದು ನೀನು ನೋಡ್ಕೊ."

"ನಾಳೆ ಬರ್ತೀನಿ," ಎಂದು ಗಾಳೆಮ್ಮ ಮೆಟ್ಟಿಲಿಳಿದಳು.

ಭಾನುವಾರ ಮೀಟಿಂಗ್ ಹಾಲ್ ತುಂಬಿತ್ತು. ವಲಯಾಧ್ಯಕ್ಷರು ಬೂದು ಕೋಟಿನ, ಮೆಲು ಮಾತಿನ ಮನುಷ್ಯ. ಹನ್ನೆರಡು ಮನೆಯವರನ್ನೂ ಕರೆಸಿದ್ದರು. ಅವರು ಬಾಗಿಲ ಹತ್ತಿರ ಗೋಡೆಗೆ ಆತು ನಿಂತಿದ್ದರು, ಕುರ್ಚಿ ಸಾಲದೆಂದು. ಮುಂದಿನ ಸಾಲಿನಲ್ಲಿ ಆರು ಕುರ್ಚಿ ಖಾಲಿ ಇದ್ದವು. ಗಂಟೆ ಆಯಿತು, ಪ್ರಾರ್ಥನೆ ಆಯಿತು, ಸೇವೆಯೇ ಸಂತೋಷ ಆಯಿತು. ಕೊಟ್ರೇಶಪ್ಪ ಅತಿಥಿಯ ಪರಿಚಯ ಓದಿದ, ಕ್ಲಬ್ಬಿನ ಪರಿಚಯವೇ ಅದರಲ್ಲಿ ಮುಕ್ಕಾಲು ಪಾಲು. ಗಾಳೆಮ್ಮ ಮೈಕಿನ ಮುಂದೆ ಬಂದಳು. ಡಬ್ಬ ಒಮ್ಮೆ ಗುಂಯ್ ಅಂತು. ಆಮೇಲೆ ಆಕೆಯ ದನಿ ನನ್ನ ಮೈಗೆ ಬಂತು, ಭಾನುವಾರ ಮೆಟ್ಟಿಲ ಹತ್ತಿರ ಕೇಳುತ್ತಿದ್ದ ಅದೇ ದನಿ.

"ಎಲ್ಲಾರಿಗೂ ಶರಣು. ನಾನು ಗಾಳೆಮ್ಮ. ಪ್ಯಾಟಿ ಬೀದಿ ಚರಂಡಿ ಎತ್ತಾಕಿ. ನನಗೆ ಉಪನ್ಯಾಸ ಬರಂಗಿಲ್ಲ, ಇದ್ದದ್ದು ಅಂತೀನಿ."

ಚಪ್ಪಾಳೆ ಬಿತ್ತು. ವಲಯಾಧ್ಯಕ್ಷರು ಮುಂದಕ್ಕೆ ಬಾಗಿ ಕೂತರು.

"ಕ್ಲಬ್ನೋರು ಮನಿ ಕಟ್ಸಿದ್ರು. ಸುಳ್ಳು ಹೇಳಬಾರ್ದು, ಗ್ವಾಡಿ ಗಟ್ಟಿ ಅದಾವೆ. ನಮ್ಮ ಗುಡಿಸ್ಲು ಇದ್ದ ಜಾಗದಾಗೇ ಕಟ್ಸಿದ್ರು. ಇದೇ ಹಾಲ್ನಾಗೆ ಪತ್ರ ತೋರ್ಸಿದ್ರು."

ಕೊಟ್ರೇಶಪ್ಪ ನಗುತ್ತಲೇ ಎರಡು ಹೆಜ್ಜೆ ಹತ್ತಿರ ಬಂದ. "ಕೊಟ್ರು," ಎಂದ ಮೆಲ್ಲಗೆ.

"ತೋರ್ಸಿದ್ರು," ಅಂದಳು ಗಾಳೆಮ್ಮ. "ಪಟ ಹೊಡಿಸಿಕೊಂಡು ಇಸ್ಕೊಂಡ್ರು. ನಾಕು ವರ್ಷ ಆತು. ನಿನ್ನೆ ಮತ್ತೆ ತೋರ್ಸಿದ್ರು."

ಬಾಗಿಲ ಹತ್ತಿರ ಹುಚ್ಚಂಗೆಮ್ಮ ನಕ್ಕದ್ದು ಕೇಳಿತು. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಅಧ್ಯಕ್ಷರು ಗಂಟೆಯ ಸುತ್ತಿಗೆ ಎತ್ತಿಕೊಂಡರು, ಬಾರಿಸಲೋ ಬೇಡವೋ ಗೊತ್ತಾಗದೆ ವಲಯಾಧ್ಯಕ್ಷರ ಮುಖ ನೋಡಿದರು.

"ಆಕಿಗೆ ಗಾಬರಿಯಾಗೈತೆ ಸಾರ್, ಮೈಕು ಹೊಸದಲ್ವಾ," ಎಂದ ಕೊಟ್ರೇಶಪ್ಪ. ಮೈಕನ್ನು ಕೈಯಲ್ಲಿ ಮುಚ್ಚಲು ಹೋದ. ಗಾಳೆಮ್ಮ ಅದರ ಕತ್ತನ್ನು ಹಿಡಿದುಕೊಂಡಿದ್ದಳು, ಗುದ್ದಲಿ ಹಿಡಿದ ಕೈ, ಬಿಡಿಸಲಾಗಲಿಲ್ಲ. ಆತ ಬಗ್ಗಿ ಹಲ್ಲು ಕಚ್ಚಿಕೊಂಡು ಹೇಳಿದ, ಅದೂ ಡಬ್ಬದೊಳಗೆ ಬಂದು ಇಡೀ ಹಾಲಿಗೆ ಕೇಳಿತು. "ಕೊಟ್ರು ಅನ್ನು, ಗಾಳೆಮ್ಮ. ಪತ್ರ ಬ್ಯಾಡೇನು ನಿನಗೆ? ಕೊಟ್ರು ಅನ್ನು."

"ಕೊಟ್ರು ಅನ್ನಾದು ನಿಮ್ಮ ಹೆಸರ್ನಾಗೈತೆ ಸಾವ್ಕಾರ್ರೇ. ನನ್ನ ಕೈಯಾಗಿಲ್ಲ."

ಯಾರೂ ನಗಲಿಲ್ಲ. ವಲಯಾಧ್ಯಕ್ಷರು ಕೋಟಿನ ಗುಂಡಿ ಸರಿಮಾಡಿಕೊಂಡು, ಕೂತಲ್ಲಿಂದಲೇ ಮೃದುವಾಗಿ ಮಾತಾಡಿದರು. "ಅಮ್ಮ, ಕಚೇರಿ ವಿಷಯ ಆಮೇಲೆ ನೋಡೋಣ. ಇಷ್ಟೆಲ್ಲ ಜನ ಕಾಯ್ತಿದ್ದಾರೆ. ಒಂದೇ ಒಂದು ಮಾತಲ್ವಾ? ಕೊಟ್ಟರು ಅಂತ ಹೇಳಿಬಿಡಿ, ಕಾರ್ಯಕ್ರಮ ಮುಗಿಸೋಣ."

ಗಾಳೆಮ್ಮ ಬಾಗಿಲ ಕಡೆ ನೋಡಿದಳು. ಗೋಡೆಗೆ ಆತಿದ್ದ ಹನ್ನೊಂದು ಮನೆಯವರು ಈಗ ನೆಟ್ಟಗೆ ನಿಂತಿದ್ದರು. ಆಕೆ ಮೈಕಿನ ಕಡೆ ತಿರುಗಿದಳು.

"ಕೊಟ್ಟ ದಿನ ಅಂತೀನ್ರಿ," ಅಂದಳು. "ಇವತ್ತು ಅನ್ನಂಗಿಲ್ಲ."